ವಿಸ್ಕಾನ್ಸಿನ್ ಮತಕ್ಕೊಂದು ಕನ್ನಡದ ಸಹಿ

ನಾನು ಸರ್ವೆ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ ಎಂದರೆ ದಾವಣಗೆರೆಯ ನಮ್ಮ ನೆಂಟರು ಜಮೀನು ಅಳೆಯುವ ಕೆಲಸ ಎಂದುಕೊಳ್ಳುತ್ತಾರೆ. ಬಹ್ರೇನಿನಂಥ ಪುಟ್ಟ ದ್ವೀಪದಲ್ಲಿ ಹನ್ನೊಂದು ವರ್ಷ ಅಳೆಯುವಷ್ಟು ಜಮೀನು ಎಲ್ಲಿಂದ ಬರಬೇಕು? ನಾವು ಅಳೆಯುವುದು ಜನರನ್ನು. ಮಾವಿನ ಜ್ಯೂಸು ಕುಡಿಯುವವರು ಯಾರು, ಹಳೆಯ ಶಾಂಪೂ ಬಿಟ್ಟು ಹೊಸದನ್ನು ಹಿಡಿದವರು ಯಾರು, ಇಂಥವು. ಫೋನ್ ಮಾಡಿ ಕೇಳುವವರು ಬೇರೆ. ಉತ್ತರಗಳು ನನ್ನ ಕಂಪ್ಯೂಟರಿಗೆ ಬಂದ ಮೇಲೆ ಅವನ್ನು ಖಾನೆಗಳಿಗೆ ಹಂಚುವುದು ನನ್ನ ಪಾಲಿನದು. ಗಂಡು, ಹೆಣ್ಣು. ಇಪ್ಪತ್ತೈದರಿಂದ ಮೂವತ್ತನಾಲ್ಕು. ಅರಬ್, ಏಷ್ಯನ್, ಪಾಶ್ಚಾತ್ಯ. ಮನಾಮಾ, ಮುಹರ್ರಕ್, ಸಿತ್ರಾ. ಎಲ್ಲ ಹಂಚಿ ಮುಗಿದಾಗ ಸಿತ್ರಾದ ನಲವತ್ತು ದಾಟಿದ ಏಷ್ಯನ್ ಗಂಡಸರು ಮಾವಿಗಿಂತ ಪೇರಲವನ್ನು ಇಷ್ಟಪಡುತ್ತಾರೆ ಎಂಬ ಒಂದು ಸಾಲು ಹೊರಗೆ ಬರುತ್ತದೆ. ಆ ಸಾಲು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಕಳೆದ ಸಲ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗ ನಮ್ಮ ಆಫೀಸಿನ ಟೀ ಕೋಣೆಯ ಟಿವಿಯಲ್ಲಿ ದಿನವಿಡೀ ಅದೇ ಇರುತ್ತಿತ್ತು. ಧ್ವನಿ ಮುಚ್ಚಿ ಚಿತ್ರ ಮಾತ್ರ ಬಿಟ್ಟಿರುತ್ತಿದ್ದರು. ಆ ದೇಶದ ನಕ್ಷೆಯಲ್ಲಿ ಬಹುಪಾಲು ರಾಜ್ಯಗಳಿಗೆ ಮತದಾನಕ್ಕೆ ತಿಂಗಳು ಮುಂಚೆಯೇ ಕೆಂಪೋ ನೀಲಿಯೋ ಬಳಿದಾಗಿತ್ತು. ಏಳು ರಾಜ್ಯಗಳು ಮಾತ್ರ ಹಳದಿ. ಇನ್ನೂ ಆಗಿಲ್ಲದ ಚುನಾವಣೆಯ ಫಲಿತಾಂಶವನ್ನು ಇವರು ಹೇಗೆ ಬಳಿದರು ಎಂಬ ಪ್ರಶ್ನೆಯಿಂದ ನನ್ನ ಕುತೂಹಲ ಶುರುವಾಯಿತು. ಊಟದ ಹೊತ್ತಿನಲ್ಲಿ ಓದತೊಡಗಿದೆ. ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಎಂದು ಪಾಲು ಇರುತ್ತದಂತೆ. ಹೆಚ್ಚುಕಡಿಮೆ ಎಲ್ಲ ಕಡೆಯೂ ರಾಜ್ಯದಲ್ಲಿ ಯಾರು ಒಂದು ಮತ ಮುಂದಿದ್ದರೂ ಆ ಪಾಲು ಪೂರ್ತಿ ಅವರಿಗೇ. ಹಾಗಾಗಿ ಗಟ್ಟಿಯಾಗಿ ಒಂದು ಕಡೆ ನಿಂತ ರಾಜ್ಯಕ್ಕೆ ಅಭ್ಯರ್ಥಿಗಳು ಕಾಲಿಡುವುದೇ ಅಪರೂಪ. ಅತ್ತಿತ್ತ ತೂಗುವ ಆ ಏಳು ರಾಜ್ಯಗಳ ಸುತ್ತಲೇ ಎಲ್ಲರ ಓಡಾಟ. ಅವನ್ನು ಸ್ವಿಂಗ್ ಸ್ಟೇಟ್ ಎನ್ನುತ್ತಾರೆ.

ನನ್ನ ಕಣ್ಣು ನಿಂತದ್ದು ನಕ್ಷೆಗಿಂತ ಹೆಚ್ಚಾಗಿ ಅದರ ಪಕ್ಕದ ಪಟ್ಟಿಯ ಮೇಲೆ. ಊರಂಚಿನ ಬಡಾವಣೆಯ ಹೆಂಗಸರು, ಕಾಲೇಜು ಮೆಟ್ಟಿಲು ಹತ್ತದ ಬಿಳಿಯ ಗಂಡಸರು, ಅರುವತ್ತೈದು ದಾಟಿದವರು, ಮೊದಲ ಸಲದ ಮತದಾರರು. ಇದು ನನ್ನದೇ ಕಸುಬು! ಮಾವು ಪೇರಲದ ಜಾಗದಲ್ಲಿ ಇಬ್ಬರು ಅಭ್ಯರ್ಥಿಗಳು, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಲಿಫ್ಟಿನಲ್ಲಿ ಎದುರುಮನೆಯ ಟೀಚರ್ ಸಿಕ್ಕರು. ಅವರಿಗೆ ಎಪ್ಪತ್ತೊಂದು ವರ್ಷ. ಬಹ್ರೇನಿನ ಶಾಲೆಗಳಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಮದುವೆಯಾಗಿಲ್ಲ, ಆಲಿವ್ ಎಣ್ಣೆಯ ಖಾಲಿ ಡಬ್ಬಗಳಲ್ಲಿ ಬಾಗಿಲ ಮುಂದೆ ಗಿಡ ಬೆಳೆಸಿದ್ದಾರೆ. ಅವರು ಊರಿಗೆ ಹೋದಾಗ ನಾನು ಗಿಡಕ್ಕೆ ನೀರು ಹಾಕುತ್ತೇನೆ, ನಾವು ಹೋದಾಗ ನಮ್ಮ ಮನೆ ಕೀಲಿ ಅವರ ಹತ್ತಿರ. ಎಂಟು ವರ್ಷದ ನೆರೆ. ಅಮೆರಿಕದವರು ಎಂದು ಗೊತ್ತಿತ್ತು. ಆದರೆ ಅಮೆರಿಕದಲ್ಲಿ ಎಲ್ಲಿ ಎಂದು ಅಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಅವರೂ ನನ್ನನ್ನು ಇಂಡಿಯಾದಲ್ಲಿ ಎಲ್ಲಿ ಎಂದು ಕೇಳಿರಲಿಲ್ಲ ಅನ್ನಿ.

"ನೀವು ಯಾವ ರಾಜ್ಯದವರು?" ಎಂದೆ.

"ವಿಸ್ಕಾನ್ಸಿನ್. ಯಾಕೆ?"

ಹಳದಿ ಏಳರಲ್ಲಿ ಒಂದು. ಎರಡು ವಾರದಿಂದ ಪರದೆಯ ಮೇಲೆ ನೋಡುತ್ತಿದ್ದ ರಾಜ್ಯ ನೀರಿನ ಬಾಟಲಿಗಳ ಚೀಲ ಹಿಡಿದು ನನ್ನ ಪಕ್ಕದಲ್ಲೇ ನಿಂತಿತ್ತು. "ಸ್ವಿಂಗ್ ಸ್ಟೇಟ್!" ಎಂದು ನಾನು ಕೂಗಿದ್ದಕ್ಕೆ ಅವರು ನಕ್ಕುಬಿಟ್ಟರು.

"ನನ್ನ ತಮ್ಮ ಗಡಿಯಾಚೆ ಇಲಿನಾಯ್‌ನಲ್ಲಿದ್ದಾನೆ. ಅವನ ಮತ ಯಾರಿಗೂ ಬೇಡ. ನನ್ನ ಅಣ್ಣ ಇನ್ನೂ ನಮ್ಮ ಹಳ್ಳಿಯಲ್ಲೇ ಇದ್ದಾನೆ. ಅವನ ಅಂಚೆ ಡಬ್ಬಿಯಲ್ಲಿ ಕರಪತ್ರ ತುಂಬಿ ತುಂಬಿ ಈಗ ಮುಚ್ಚಳವೇ ಹಾಕಲು ಬರುವುದಿಲ್ಲವಂತೆ."

"ನೀವು ಇಲ್ಲಿಂದ ಮತ ಹಾಕುತ್ತೀರಾ?"

"ಪ್ರತಿ ಸಲ," ಎಂದರು. ಲಿಫ್ಟ್ ಬಾಗಿಲು ತೆರೆಯಿತು.

ಆ ರಾತ್ರಿಯ ಊಟಕ್ಕೆ ಚಪಾತಿ ಲಟ್ಟಿಸುತ್ತಾ ನನ್ನ ತಲೆಯಲ್ಲಿ ಒಂದೇ ವಿಷಯ. ಟೀಚರ್ ಯಾರಿಗೆ ಹಾಕುತ್ತಾರೆ? ಕೇಳುವುದು ಸರಿಯಲ್ಲ, ಅದು ಗೊತ್ತು. ಆದರೆ ಊಹಿಸಬಹುದಲ್ಲ? ಮರುದಿನ ಆಫೀಸಿನಿಂದ ಒಂದು ಹಾಳೆ ತಂದು ಗೆರೆ ಹಾಕಿದೆ. ಹೆಂಗಸು: ಟಿವಿಯವರ ಪ್ರಕಾರ ಒಂದು ಕಡೆಗೆ ವಾಲಬೇಕು. ಬಿಳಿಯರು: ಇನ್ನೊಂದು ಕಡೆಗೆ. ಅರುವತ್ತೈದು ದಾಟಿದವರು: ಇನ್ನೊಂದು ಕಡೆಗೇ. ಎರಡು ಪದವಿ ಓದಿದವರು: ಮತ್ತೆ ಮೊದಲ ಕಡೆಗೆ. ಹಳ್ಳಿಯಲ್ಲಿ, ಹಸು ಸಾಕುವವರ ಮನೆಯಲ್ಲಿ ಹುಟ್ಟಿದವರು: ಆ ಕಡೆಗೆ. ಮದುವೆಯಾಗದವರು: ಈ ಕಡೆಗೆ. ಶಾಲೆಯಲ್ಲಿ ಪಾಠ ಹೇಳಿದವರು: ಈ ಕಡೆಗೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು: ಆ ಕಡೆಗೆ. ಇಪ್ಪತ್ತೆರಡು ವರ್ಷ ಅರಬ್ ದೇಶದಲ್ಲಿ ಬಾಳಿದವರು? ಇದಕ್ಕೆ ಟಿವಿಯಲ್ಲಿ ಖಾನೆಯೇ ಇರಲಿಲ್ಲ.

ಇಲ್ಲಿಯ ಅಸ್ಕರ್ ಎಂಬ ಊರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್ ಆಗಿರುವ ನನ್ನ ಗಂಡ ಹಾಳೆ ನೋಡಿ, "ಏನಿದು, ಜಾತಕಾನಾ?" ಎಂದ.

ವಿವರಿಸಿದೆ.

"ಎದುರು ಬಾಗಿಲು ತಾನೆ? ಹೋಗಿ ಕೇಳಬಾರದಾ?"

"ಓಟು ಯಾರಿಗೆ ಅಂತ ಕೇಳ್ತಾರಾ ಯಾರಾದ್ರೂ?"

"ಕೇಳಬಾರದು, ಆದ್ರೆ ಹಾಳೇಲಿ ಗೆರೆ ಎಳೆದು ಲೆಕ್ಕ ಹಾಕಬಹುದು. ಭೇಷ್," ಎಂದು ಮಲಗಲು ಹೋದ. ಬೆಳಿಗ್ಗೆ ಐದೂವರೆಗೆ ಅವನ ಕಂಪನಿ ಬಸ್ಸು ಬರುತ್ತದೆ. ನಾನು ಒಬ್ಬಳೇ ಕೂತು ಎರಡು ಕಡೆಯ ಗುರುತುಗಳನ್ನು ಎಣಿಸಿದೆ. ಸರಿಸಮ ಬಂತು.

ಮುಂದಿನ ಶುಕ್ರವಾರ ಮಧ್ಯಾಹ್ನ ಟೀಚರೇ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್, ಒಂದು ಕಪ್ಪು ಪೆನ್ನು, ಮಕ್ಕಳು ಶಾಲೆಗೆ ಒಯ್ಯುವಂಥ ಅಂಟಿನ ಕಡ್ಡಿ.

"ಒಂದು ಉಪಕಾರ ಬೇಕು. ನನಗೊಬ್ಬ ಸಾಕ್ಷಿ ಬೇಕು," ಎಂದರು.

ಸಾಕ್ಷಿ ಎಂದ ಕೂಡಲೇ ನನ್ನ ತಲೆಯಲ್ಲಿ ಪೊಲೀಸ್ ಠಾಣೆ, ಅಪಘಾತ, ಏನೇನೋ ಬಂದು ಹೋಯಿತು. ಅವರು ಫೋಲ್ಡರ್ ತೆರೆದರು. ಒಳಗೆ ಅವರ ಮತಪತ್ರ. ಇಮೇಲಿನಲ್ಲಿ ಬಂದದ್ದನ್ನು ಕೆಳಗಿನ ಸ್ಟೇಷನರಿ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು. ಅವರ ರಾಜ್ಯದಲ್ಲಿ ಹೊರಗಿನಿಂದ ಮತ ಹಾಕುವವರು ಒಬ್ಬ ಸಾಕ್ಷಿಯ ಎದುರಿಗೆ ಗುರುತು ಹಾಕಬೇಕು, ಲಕೋಟೆಯ ಮೇಲೆ ಸಾಕ್ಷಿಯೂ ಸಹಿ ಮಾಡಬೇಕು. ಪ್ರತಿ ಸಲ ಅವರ ಶಾಲೆಯ ಗೆಳತಿಯೊಬ್ಬರು ಸಹಿ ಹಾಕುತ್ತಿದ್ದರು. ಆಕೆ ಈ ಬೇಸಿಗೆಯಲ್ಲಿ ಬಹ್ರೇನ್ ಬಿಟ್ಟು ಹೋಗಿದ್ದರು.

"ನಾನು ಇಂಡಿಯನ್," ಎಂದೆ, ಅವರಿಗೆ ಗೊತ್ತಿಲ್ಲವೇನೋ ಎಂಬಂತೆ.

"ಓದಿ." ಅವರು ಸೂಚನೆಗಳ ಹಾಳೆಯ ಮೇಲೆ ಬೆರಳಿಟ್ಟರು. ಆ ರಾಜ್ಯದೊಳಗೆ ಇರುವವರಿಗೆ ಸಾಕ್ಷಿ ಅಮೆರಿಕದ ಪ್ರಜೆಯೇ ಆಗಬೇಕು. ವಿದೇಶದಲ್ಲಿ ಇರುವವರಿಗೆ ವಯಸ್ಕರು ಯಾರಾದರೂ ಸಾಕು. ನಾನು ಎರಡು ಸಲ ಓದಿದೆ. "ನೀವು ವಯಸ್ಕರೇ ತಾನೆ?" ಎಂದು ಟೀಚರ್ ಮುಗುಳ್ನಕ್ಕರು. ನನಗೆ ಆಗ ನಲವತ್ತಮೂರು.

ಒಳಗೆ ಗಂಡ ಶಿಫ್ಟ್ ಮುಗಿಸಿ ಮಲಗಿದ್ದ. ಊಟದ ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿ ಸರಿಸಿ ಬಟ್ಟೆಯಿಂದ ಒರೆಸಿದೆ. ಟೀಚರ್ ಮೊದಲು ಮತಪತ್ರವನ್ನು ನನ್ನ ಮುಂದೆ ಹಿಡಿದು ಎರಡೂ ಬದಿ ತೋರಿಸಿದರು. ಖಾಲಿ ಇದೆ ಎಂದು ನಾನು ಕಣ್ಣಾರೆ ನೋಡಬೇಕಂತೆ. ಬಹಳ ವರ್ಷ ಹೊರಗಿದ್ದವರಿಗೆ ಊರಿನ ಸಣ್ಣಪುಟ್ಟ ಹುದ್ದೆಗಳ ಮತ ಇಲ್ಲ. ಹಾಗಾಗಿ ಮೂರೇ ಸ್ಪರ್ಧೆಗಳಿದ್ದವು: ಅಧ್ಯಕ್ಷ, ಸೆನೆಟ್, ಪ್ರತಿನಿಧಿ ಸಭೆ. ಟಿವಿಯಲ್ಲಿ ದಿನಾ ಕುಣಿದಾಡುತ್ತಿದ್ದ ಹೆಸರುಗಳು ಅಲ್ಲಿ ತಣ್ಣಗೆ ಒಂದರ ಕೆಳಗೊಂದು ಇದ್ದವು, ಪಕ್ಕದಲ್ಲಿ ಸಣ್ಣ ಸಣ್ಣ ಸೊನ್ನೆಗಳು.

"ನೀವು ಇಲ್ಲೇ ಇರಬೇಕು, ಆದರೆ ನೋಡಬಾರದು," ಎಂದರು.

"ಕಿಟಕಿ ಕಡೆ ತಿರುಗುತ್ತೇನೆ."

ತಿರುಗಿದೆ. ಎದುರಿನ ಕಟ್ಟಡದ ತಾರಸಿಯಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ಹಿಂದೆ ಪೆನ್ನಿನ ಸದ್ದು. ಒಂದು ವಾರದಿಂದ ಹಾಳೆಯಲ್ಲಿ ಹುಡುಕುತ್ತಿದ್ದ ಉತ್ತರ ನನ್ನ ಬೆನ್ನಿನಿಂದ ನಾಲ್ಕು ಅಡಿ ದೂರದಲ್ಲಿ ಬರೆಯಲಾಗುತ್ತಿತ್ತು! ಕಿಟಕಿಯ ಪಕ್ಕ ಆರಿಸಿಟ್ಟಿದ್ದ ಟಿವಿಯ ಕಪ್ಪು ಗಾಜಿನಲ್ಲಿ ಅವರ ಬಾಗಿದ ತಲೆ ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ. ನಿಜ ಹೇಳುತ್ತೇನೆ, ಕೈ ಕಾಣುತ್ತದೆಯೇ ಎಂದು ಒಂದು ಕ್ಷಣ ಹುಡುಕಿದೆ. ಮರುಕ್ಷಣ ನಾಚಿಕೆಯಾಗಿ ತಾರಸಿಯ ಬಟ್ಟೆಗಳನ್ನು ಎಣಿಸತೊಡಗಿದೆ. ಪೆನ್ನಿನ ಸದ್ದು ಮೂರು ಸಲ ನಿಂತು ಮೂರು ಸಲ ಶುರುವಾಯಿತು. ಮಧ್ಯದ ಒಂದು ನಿಲುಗಡೆ ಬಹಳ ಹೊತ್ತು ಇತ್ತು. ಅದು ಯಾವ ಹುದ್ದೆಯದೋ ಗೊತ್ತಿಲ್ಲ.

"ಆಯಿತು."

ಮಡಿಸಿ, ಲಕೋಟೆಗೆ ಹಾಕಿ, ಅಂಟಿಸಿ, ಪ್ರಮಾಣಪತ್ರದ ಹಾಳೆಯನ್ನು ಲಕೋಟೆಯ ಮೇಲೆ ಅಂಟಿಸಿ ಅವರು ಸಹಿ ಹಾಕಿದರು. ಈಗ ನನ್ನ ಸರದಿ. ಹೆಸರು ಬರೆದೆ. ವಿಳಾಸಕ್ಕೆ ಬಂದಾಗ ಪೆನ್ನು ನಿಂತಿತು. ಬೀದಿ, ಊರು, ರಾಜ್ಯ, ಪಿನ್ ಎಂದು ನಾಲ್ಕು ಜಾಗ ಬಿಟ್ಟಿದ್ದರು. ಬಹ್ರೇನಿನ ವಿಳಾಸ ಹಾಗಿರುವುದಿಲ್ಲ. ಫ್ಲಾಟಿಗೊಂದು ಸಂಖ್ಯೆ, ಕಟ್ಟಡಕ್ಕೊಂದು, ರಸ್ತೆಗೊಂದು, ಬ್ಲಾಕಿಗೊಂದು. ರಸ್ತೆಗಳಿಗೆ ಹೆಸರೇ ಇಲ್ಲ. ಬಿಟ್ಟ ಜಾಗದಲ್ಲಿ ತುರುಕಿ ಬರೆದೆ. "ಸಾಕ್ಷಿಯ ವಿಳಾಸ ಸರಿಯಿಲ್ಲದಿದ್ದರೆ ಮತವನ್ನೇ ಎಣಿಸದೆ ಇರಬಹುದು," ಎಂದು ಟೀಚರ್ ಮೆಲ್ಲಗೆ ಹೇಳಿದರು. ಅದನ್ನು ಬರೆಯುವ ಮೊದಲು ಹೇಳಬಾರದಿತ್ತೇ?

ಕೊನೆಗೆ ಸಹಿ. ನಾನು ಸಹಿ ಹಾಕುವುದು ಕನ್ನಡದಲ್ಲಿ. ಪಾಸ್‌ಪೋರ್ಟಿನಲ್ಲೂ ಅದೇ, ಇಲ್ಲಿಯ ಬ್ಯಾಂಕಿನಲ್ಲೂ ಅದೇ. ಬೇರೆ ಸಹಿ ನನಗೆ ಬರುವುದಿಲ್ಲ. ಅಭ್ಯಾಸಬಲದಲ್ಲಿ ಕೈ ಹಾಗೇ ಓಡಿತು. ಹಾಕಿದ ಮೇಲೆ ಇಬ್ಬರೂ ಅದನ್ನೇ ನೋಡಿದೆವು.

"ಅಯ್ಯೋ," ಎಂದೆ.

"ಸಹಿ ಎಂದರೆ ಸಹಿ," ಎಂದರು ಟೀಚರ್. ಆದರೆ ಅವರ ದನಿಯಲ್ಲಿ ಪೂರ್ತಿ ಧೈರ್ಯ ಇರಲಿಲ್ಲ.

ಮರುದಿನ ಇಬ್ಬರೂ ನಡೆದುಕೊಂಡೇ ಸೂಕ್ ಎನ್ನುವ ಹಳೆಯ ಪೇಟೆಯ ಬಳಿಯ ಕೊರಿಯರ್ ಆಫೀಸಿಗೆ ಹೊರಟೆವು. ಅಕ್ಟೋಬರಿನ ಬಿಸಿಲು ಆಗಷ್ಟೇ ಹದಕ್ಕೆ ಬಂದಿತ್ತು. ದೇವಸ್ಥಾನದ ಗಲ್ಲಿಯಲ್ಲಿ ಮಲ್ಲಿಗೆ ಮಾರುವವನ ಮುಂದೆ ನಿಂತು ಟೀಚರ್ ಒಂದು ಮೊಳ ತೆಗೆದುಕೊಂಡು ಚೀಲದಲ್ಲಿ, ಲಕೋಟೆಯ ಪಕ್ಕದಲ್ಲೇ ಇಟ್ಟರು. ಅವರು ಮುಡಿಯುವುದಿಲ್ಲ, ಬಟ್ಟಲಲ್ಲಿ ನೀರು ಹಾಕಿ ಇಡುತ್ತಾರೆ. ಆ ಗಲ್ಲಿ ದಾಟುವಾಗ ಅವರ ಅಣ್ಣ ತಮ್ಮಂದಿರ ಕಥೆ ಹೇಳಿದರು.

ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು. ಕೆಲವು ವರ್ಷಗಳ ಹಿಂದೆ ಅಣ್ಣ ತನ್ನ ಅಭ್ಯರ್ಥಿಯ ಬೋರ್ಡನ್ನು ಮನೆಯ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ, ಚುನಾವಣೆ ಮುಗಿದರೂ ಕಿತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಬಂದ ತಮ್ಮ ಕಾರನ್ನು ಅದರ ಮೇಲೆಯೇ ಹತ್ತಿಸಿಬಿಟ್ಟ. ಹಿಮದಲ್ಲಿ ಕಾಣಲಿಲ್ಲ ಎಂದು ತಮ್ಮ. ಬೇಕೆಂತಲೇ ಹತ್ತಿಸಿದ ಎಂದು ಅಣ್ಣ. ಅಂದಿನಿಂದ ಮಾತಿಲ್ಲ.

"ನಿಮಗೆ ಏನನ್ನಿಸುತ್ತದೆ? ಬೇಕೆಂತಲೇನಾ?"

"ಹಿಮ ಇತ್ತು ನಿಜ. ಆದರೆ ಬೋರ್ಡು ದೊಡ್ಡದಿತ್ತು." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. "ಭಾನುವಾರ ಇಬ್ಬರಿಗೂ ಫೋನ್ ಮಾಡುತ್ತೇನೆ. ಅಣ್ಣನಿಗೆ ಅಮ್ಮನ ಸಮಾಧಿಗೆ ಹೂ ಇಟ್ಟೆಯಾ ಎಂದು ಕೇಳುತ್ತೇನೆ, ಅದನ್ನು ತಮ್ಮನಿಗೆ ಹೇಳುತ್ತೇನೆ. ಅವರಿಬ್ಬರ ನಡುವೆ ಈಗ ಇರುವ ದಾರಿ ನಾನೊಬ್ಬಳೇ. ನಾನು ಯಾರಿಗೆ ಹಾಕಿದೆ ಎಂದು ಒಬ್ಬನಿಗೆ ಗೊತ್ತಾದರೂ ಅದೂ ಮುಚ್ಚಿಹೋಗುತ್ತದೆ. ನಾನು ತನ್ನ ಕಡೆ ಎಂದೇ ಇಬ್ಬರೂ ನಂಬಿದ್ದಾರೆ."

ಕೊರಿಯರ್ ಆಫೀಸಿನ ಕೇರಳದ ಹುಡುಗಿ ಲಕೋಟೆ ತೂಗಿ, ಒಳಗೇನಿದೆ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದಳು. "ಕಾಗಜ್," ಎಂದರು ಟೀಚರ್. ಇಪ್ಪತ್ತೆರಡು ವರ್ಷದಲ್ಲಿ ಅವರು ಕಲಿತ ಹಿಂದಿ ಅಷ್ಟಿಷ್ಟು ಇತ್ತು.

ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಮ್ಮ ದಾವಣಗೆರೆಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ನಮ್ಮ ಓಣಿಯಲ್ಲಿ ಇಂಥ ಜಾತಿಯ ಇಷ್ಟು ಮನೆ, ಇಂಥವರ ಇಷ್ಟು ಓಟು ಎಂದು ಪಕ್ಷದವರು ಪಟ್ಟಿ ಹಿಡಿದು ಲೆಕ್ಕ ಹಾಕುವುದನ್ನು ನೋಡಿಯೇ ನಾನು ಬೆಳೆದದ್ದು. ನಮ್ಮ ಮನೆಯ ಮುಂದೆ ಅವರು ಯಾವಾಗಲೂ ಒಂದೇ ಗುರುತು ಹಾಕಿಕೊಳ್ಳುತ್ತಿದ್ದರು. ಅಪ್ಪ ಇರುವವರೆಗೂ, "ನಮ್ಮನೆ ನಾಕೂ ಓಟು ಒಂದೇ ಕಡೆ," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾನಂತೂ ಮದುವೆಗೆ ಮುಂಚೆ ಹಾಕಿದ ಒಂದೆರಡು ಸಲ ಅಪ್ಪ ಹೇಳಿದಲ್ಲಿಗೇ ಹಾಕಿದ್ದೆ. ಅಮ್ಮನನ್ನು ಈ ವಿಷಯ ನಾನು ಒಮ್ಮೆಯೂ ಕೇಳಿರಲಿಲ್ಲ.

"ಅಮ್ಮಾ, ನೀನು ಯಾರಿಗೆ ಹಾಕ್ತಿದ್ದೆ?"

"ಯಾಕೇ, ಈಗ?"

"ಸುಮ್ನೆ. ಗೊತ್ತಾಗ್ಬೇಕು ಅಂತ."

"ಮೂರು ಪಾರ್ಟಿಯೋರೂ ಬಂದು ಅಮ್ಮಾ ನಿಮ್ದು ನಮಗೇ ತಾನೆ ಅಂತಾರೆ. ನಾನು ಮೂರು ಜನಕ್ಕೂ ಹೂಂ ಅಂತೀನಿ."

"ಅಪ್ಪನಿಗೆ?"

"ನಿಮ್ಮಪ್ಪನಿಗೂ ಹೂಂ ಅಂದಿದ್ದೆ." ಆ ಕಡೆಯಿಂದ ನಗು ಕೇಳಿತು. ಒತ್ತಾಯ ಮಾಡಿದೆ. "ಅದೆಲ್ಲ ನಿನಗ್ಯಾಕೆ, ಊಟ ಆಯ್ತಾ?" ಎಂದು ಮಾತು ಮುಗಿಸಿಬಿಟ್ಟಳು. ನಲವತ್ತು ವರ್ಷ ಒಂದೇ ಮನೆಯಲ್ಲಿ, ಒಂದೇ ರಿಕ್ಷಾದಲ್ಲಿ ಅದೇ ಶಾಲೆಯ ಬೂತಿಗೆ ಹೋಗಿ ಬಂದ ಅಪ್ಪನಿಗೂ ಗೊತ್ತಿರಲಿಲ್ಲ! ಅವಳು ಏನು ನೋಡಿ ಹಾಕುತ್ತಿದ್ದಳು? ನೀರು ಬಿಟ್ಟವರಿಗೋ, ಮುಖ ನೋಡಿಯೋ, ಅಪ್ಪನ ಮೇಲಿನ ಯಾವುದಾದರೂ ಸಿಟ್ಟಿಗೋ? ನನಗೆ ಇವತ್ತಿಗೂ ತಿಳಿದಿಲ್ಲ.

ಹತ್ತು ದಿನ ಕಳೆದಿರಬೇಕು. ಸಂಜೆ ಐದರ ಸುಮಾರಿಗೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಟೀಚರ್ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಮುಖ ಬಿಳಿಚಿಕೊಂಡಿತ್ತು. "ನಮ್ಮ ಊರಿನ ಕ್ಲರ್ಕ್. ನಿಮ್ಮ ಜೊತೆ ಮಾತಾಡಬೇಕಂತೆ."

ಅವರ ಹಳ್ಳಿಯ ಚುನಾವಣೆ ಕೆಲಸ ನೋಡಿಕೊಳ್ಳುವ ಕ್ಲರ್ಕ್ ಒಬ್ಬ ಹೆಂಗಸು. ಊರು ಎಷ್ಟು ಸಣ್ಣದೆಂದರೆ ಆಕೆಗೆ ಬೇರೆ ಆಫೀಸಿಲ್ಲ, ಅಡುಗೆಮನೆಯ ಮೇಜೇ ಆಫೀಸು ಎಂದು ಟೀಚರ್ ಹಿಂದೆ ಹೇಳಿದ್ದರು. ಅಲ್ಲಿ ಆಗ ಬೆಳಿಗ್ಗೆ ಒಂಬತ್ತು. ಫೋನನ್ನು ಸ್ಪೀಕರಿಗೆ ಹಾಕಿ ಅದೇ ಊಟದ ಮೇಜಿನ ಮೇಲಿಟ್ಟೆವು.

"ಮೇಡಂ, ಲಕೋಟೆಯ ಮೇಲಿರುವ ಸಾಕ್ಷಿ ನೀವೇನಾ?" ಆ ಕಡೆ ನಾಯಿ ಬೊಗಳುವುದು ಕೇಳುತ್ತಿತ್ತು.

"ಹೌದು."

"ಅವರು ಗುರುತು ಹಾಕುವಾಗ ನೀವು ಅದೇ ಕೋಣೆಯಲ್ಲಿ ಇದ್ದಿರಾ?"

"ಇದ್ದೆ. ಮೊದಲು ಖಾಲಿ ಇತ್ತು, ಅದನ್ನು ನೋಡಿದೆ. ಆಮೇಲೆ ಕಿಟಕಿ ಕಡೆ ತಿರುಗಿದ್ದೆ."

"ಒಳ್ಳೆಯದಾಯಿತು. ಈಗ ಈ ವಿಳಾಸ. ಇದರಲ್ಲಿ ನಾಲ್ಕು ಸಂಖ್ಯೆಗಳಿವೆ. ಬೀದಿಯ ಹೆಸರು ಯಾವುದು?"

"ಬೀದಿಗೆ ಹೆಸರಿಲ್ಲ. ಸಂಖ್ಯೆಯೇ ಅದರ ಹೆಸರು."

"ಮತ್ತೆ ಬ್ಲಾಕ್?"

"ಅದೂ ಸಂಖ್ಯೆಯೇ. ನಮ್ಮ ಬಡಾವಣೆ ಅಂತ ಇಟ್ಟುಕೊಳ್ಳಿ."

"ಹಾಗಾದರೆ ಬರೆದದ್ದು ಪೂರ್ತಿ ವಿಳಾಸವೇ?"

"ಪೂರ್ತಿ. ಇದನ್ನು ಹೇಳಿದರೆ ಟ್ಯಾಕ್ಸಿಯವನು ನೇರ ನಮ್ಮ ಬಾಗಿಲಿಗೆ ಬರುತ್ತಾನೆ."

ಆಕೆ ನಕ್ಕಳು. "ನಾಲ್ಕು ಸಲ ಓದಿದೆ ಮೇಡಂ. ಎಣಿಕೆಯ ದಿನ ಎರಡೂ ಕಡೆಯವರು ಬಂದು ಕೂತಿರುತ್ತಾರೆ. ಯಾರಾದರೂ ಕೇಳಿದರೆ ನಾನು ಉತ್ತರ ಹೇಳಬೇಕು. ನೀವು ನಿಜವಾಗಿ ಇದ್ದೀರಿ ಎಂದು ನನಗೆ ಗೊತ್ತಾಗಬೇಕಿತ್ತು. ಇನ್ನೊಂದು ಪ್ರಶ್ನೆ, ಇದು ನನ್ನ ಸ್ವಂತದ್ದು, ಉತ್ತರ ಕೊಡಲೇಬೇಕು ಎಂದಿಲ್ಲ. ಆ ಸಹಿ ಚಿತ್ರವಾ ಅಕ್ಷರವಾ?"

"ಅಕ್ಷರ. ನನ್ನ ಹೆಸರು. ಕನ್ನಡದಲ್ಲಿದೆ."

"ಕೆನಡಾದಲ್ಲಾ? ಅವರು ಬಹ್ರೇನ್ ಅಂದಿದ್ದರಲ್ಲ?" ದನಿಯಲ್ಲಿ ಮತ್ತೆ ಗಾಬರಿ.

ಟೀಚರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ. ದಕ್ಷಿಣ ಇಂಡಿಯಾದ ಒಂದು ಭಾಷೆ, ಕೋಟಿಗಟ್ಟಲೆ ಜನ ಆಡುತ್ತಾರೆ, ಅಕ್ಷರಗಳು ದುಂಡಗಿರುತ್ತವೆ ಎಂದೆ. ಆಕೆ ಬರೆದುಕೊಳ್ಳುತ್ತಿದ್ದಳು ಎಂದು ಕಾಣುತ್ತದೆ, ಸ್ವಲ್ಪ ಹೊತ್ತು ಬರೀ ನಾಯಿಯ ದನಿ. "ನನ್ನ ಗಂಡ ಕೋಳಿಗಳು ಸಾಲಾಗಿ ಕೂತ ಹಾಗಿದೆ ಎಂದಿದ್ದ. ಅವನಿಗೆ ಹೇಳುತ್ತೇನೆ," ಎಂದಳು. ಎರಡು ದಿನ ಬಿಟ್ಟು ಟೀಚರ್ ಕಂಪ್ಯೂಟರಿನಲ್ಲಿ ನೋಡಿದಾಗ ಅವರ ಹೆಸರಿನ ಮುಂದೆ 'ಮತಪತ್ರ ತಲುಪಿದೆ' ಎಂದು ಬಂದಿತ್ತು.

ಅವರ ಮತದಾನದ ಮರುದಿನ ನಮಗೆ ಬುಧವಾರ, ಕೆಲಸದ ದಿನ. ಬೆಳಿಗ್ಗೆಯಿಂದ ಟೀ ಕೋಣೆಯಲ್ಲಿ ಹಳದಿ ರಾಜ್ಯಗಳು ಒಂದೊಂದಾಗಿ ಬಣ್ಣ ಬದಲಿಸುತ್ತಿದ್ದವು. ನಾನು ಯಾವ ಅಭ್ಯರ್ಥಿಯ ಪರವೂ ಇರಲಿಲ್ಲ. ನೋಡುತ್ತಿದ್ದದ್ದು ಒಂದೇ ರಾಜ್ಯ. ಇಡೀ ರಾಜ್ಯದ ಗೆಲುವು ಸೋಲು ಒಂದು ಸ್ಟೇಡಿಯಂನಲ್ಲಿ ಕೂರಿಸಬಹುದಾದಷ್ಟು ಜನರ ಮೇಲೆ ನಿಂತಿದೆ ಎಂದು ಓದಿದ್ದೆ. ಆ ಸ್ಟೇಡಿಯಂನಲ್ಲಿ ಒಂದು ಕುರ್ಚಿ ನನ್ನ ಎದುರುಮನೆಯದು. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ವಿಸ್ಕಾನ್ಸಿನ್ನಿಗೂ ಬಣ್ಣ ಬಂತು. ಜೊತೆಗೆ ಇಡೀ ಚುನಾವಣೆಯೇ ಮುಗಿದಿತ್ತು. ಕೂಡಲೇ ವಿಶ್ಲೇಷಣೆ ಶುರುವಾಯಿತು: ಹೆಂಗಸರು ಹೀಗೆ ಮಾಡಿದರು, ಹಳ್ಳಿಯವರು ಹಾಗೆ ಮಾಡಿದರು, ಅರುವತ್ತೈದು ದಾಟಿದವರು ಹೀಗೆ.

ಸಂಜೆ ಮನೆಗೆ ಹೋದಾಗ ಟೀಚರ್ ಬಾಗಿಲ ಮುಂದೆ ಕೂತು ಗಿಡಗಳ ಒಣಗಿದ ಎಲೆ ಕೀಳುತ್ತಿದ್ದರು. ನಾನು ಅವರ ಮುಖವನ್ನೇ ನೋಡಿದೆ. ಗೆದ್ದ ಮುಖವೋ ಸೋತ ಮುಖವೋ?

"ಏನು, ನನ್ನ ಮುಖದಲ್ಲಿ ಓದಲು ನೋಡುತ್ತಿದ್ದೀರಾ?" ಎಂದರು.

ಸಿಕ್ಕಿಬಿದ್ದಿದ್ದೆ. ಒಳಗೆ ಹೋಗಿ ಆ ಹಾಳೆ ತಂದು ಅವರ ಕೈಗಿಟ್ಟು, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ, ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವಂತೆ ಮೇಲಿಂದ ಕೆಳಗೆ ನೋಡಿದರು. ಪೆನ್ಸಿಲ್ ಕೇಳಿದರು.

"ಚರ್ಚಿಗೆ ನಾನು ಹೋಗುವುದು ಹಾಡಲಿಕ್ಕೆ. ಇದನ್ನು ತೆಗೆಯಿರಿ." ಗೀಟು ಹೊಡೆದರು. "ಹಸು ಸಾಕಿದವರು, ಸರಿ. ಆದರೆ ನನ್ನಪ್ಪ ಹಸುಗಳನ್ನೆಲ್ಲ ಮಾರಿದ್ದು ನನಗೆ ಹದಿನಾರಾದಾಗ, ಯಾವ ಸರ್ಕಾರ ಇದ್ದಾಗ ಎಂಬುದು ಮುಖ್ಯ. ಆ ಖಾನೆ ಎಲ್ಲಿ? ಮದುವೆಯಾಗದವರು ಎಂದು ಹಾಕಿದ್ದೀರಿ. ಯಾಕೆ ಆಗಲಿಲ್ಲ ಎಂದು ಕೇಳಬೇಕಿತ್ತು."

"ಯಾಕೆ ಆಗಲಿಲ್ಲ?"

"ಅದು ಇನ್ನೊಂದು ದಿನಕ್ಕೆ." ಕೊನೆಯ ಸಾಲಿಗೆ ಬಂದರು. "ಅರಬ್ ದೇಶದಲ್ಲಿ ಇಪ್ಪತ್ತೆರಡು ವರ್ಷ. ಇದರ ಮುಂದೆ ಪ್ರಶ್ನೆಯ ಗುರುತು ಹಾಕಿದ್ದೀರಿ. ಇದೊಂದಕ್ಕೆ ಪೂರ್ತಿ ಅಂಕ."

ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಹಾಳೆ ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. "ಮತ್ತೆ ನೀವು? ನಿಮ್ಮ ಮತ ಎಲ್ಲಿದೆ?" ಎಂದು ಕೇಳಿದರು.

ನನ್ನ ಮತ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಹಾಕಿಲ್ಲ ಎಂದೆ. ಊರಿನ ಪಟ್ಟಿಯಿಂದ ನನ್ನ ಹೆಸರು ಯಾವಾಗಲೋ ಹೋಗಿದೆ. ವಿದೇಶದಲ್ಲಿರುವವರ ಹೆಸರು ಸೇರಿಸುವ ಅರ್ಜಿ ಒಂದಿದೆ, ಆದರೆ ಅಂಚೆಯಲ್ಲಿ ಕಳಿಸುವಂತಿಲ್ಲ, ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಊರಿನ ಬೂತಿಗೇ ಹೋಗಬೇಕು. ಹಾಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಟೀಚರ್ ನಂಬಲಿಲ್ಲ. "ನೀವು ನನ್ನ ಮತಕ್ಕೆ ಸಾಕ್ಷಿ ಹಾಕಿದಿರಿ, ನಿಮ್ಮದೇ ಇಲ್ಲವೇ?" ಎಂದು ಎರಡು ಸಲ ಕೇಳಿದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇದು ಹೇಗೆ ಸಾಧ್ಯ ಎಂಬ ಬೆರಗು ಮಾತ್ರ. ಆ ಬೆರಗು ನನ್ನ ಜೊತೆ ಮನೆಯೊಳಗೆ ಬಂತು.

ಅರ್ಜಿ ತುಂಬಲು ನನಗೆ ಮತ್ತೂ ಎರಡು ತಿಂಗಳು ಹಿಡಿಯಿತು. ಗಂಡ, "ನಮ್ಮೂರು ಬಳ್ಳಾರೀಲಿ ನನ್ನದೂ ಇದ್ದರೆ ಇರಲಿ, ಮೊದಲು ನಿನ್ನದು ಏನಾಗುತ್ತೆ ನೋಡೋಣ," ಎಂದ. ಅರ್ಜಿ ಕಳಿಸಿ ಮರೆತಿದ್ದಾಗ ಒಂದು ಬೆಳಿಗ್ಗೆ ದಾವಣಗೆರೆಯಿಂದ ವಿಡಿಯೊ ಕರೆ. ಅಮ್ಮನ ಪಕ್ಕದಲ್ಲಿ ನೀಲಿ ಸೀರೆಯ ಒಬ್ಬ ಹೆಂಗಸು, ತೊಡೆಯ ಮೇಲೆ ದೊಡ್ಡ ರಿಜಿಸ್ಟರು. ನಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವವರು, ಓಣಿಯ ಅಂಗನವಾಡಿ ಟೀಚರ್.

"ನೀವು ಇವರ ಮಗಳೇನಾ ಮೇಡಂ? ಪರಿಶೀಲನೆಗೆ ಬಂದಿದೀನಿ. ಪಾಸ್‌ಪೋರ್ಟಿನಲ್ಲಿರೋ ಮನೆ ಇದೇ ತಾನೆ?"

"ಇದೇ. ನಿಮ್ಮ ಹಿಂದಿರೋ ಗೋಡೇಲಿ ಮೊಳೆ ಕಾಣುತ್ತಲ್ಲ, ಅದು ನಾನೇ ಹೊಡೆದದ್ದು."

"ಈಗ ಎಲ್ಲಿದೀರಾ?"

"ಬಹ್ರೇನ್. ಮನಾಮಾ."

"ಬಹ್ರೇನ್," ಎಂದು ಆಕೆ ನಿಧಾನವಾಗಿ ಬರೆದುಕೊಂಡಳು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಮೇಡಂ, ಈ ಅರ್ಜಿ ನಾನು ನೋಡಿದ್ದು ಇದೇ ಮೊದಲು. ಬಂದು ಹಾಕ್ತೀರಾ?"

"ಬರಬೇಕು ಅಂತಿದೆ."

"ಬನ್ನಿ. ಬೂತಲ್ಲಿ ನಾನೇ ಇರ್ತೀನಿ."

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಪಟ್ಟಿ ಬಂತು. ಶಾಲೆಯ ಗೋಡೆಗೆ ನೇತುಹಾಕಿದ್ದಾರೆ ಎಂದು ಕೇಳಿ ಅಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿ ನೋಡಿ ಬಂದಿದ್ದಳು. ಮೊದಲು ತಮ್ಮನ ಮನೆಯವರ ಹೆಸರಿನ ಹತ್ತಿರ ಹುಡುಕಿದಳಂತೆ, ಸಿಗಲಿಲ್ಲ. ಆಮೇಲೆ ಆ ಅಂಗನವಾಡಿ ಟೀಚರೇ ಬಂದು ಪುಟಗಳನ್ನು ತಿರುವಿ ತೋರಿಸಿದರಂತೆ.

"ಎಲ್ಲಾರದ್ದೂ ಮುಗಿದು ಕೊನೇಲಿ ಇದೆ ಕಣೇ," ಎಂದಳು ಅಮ್ಮ. "ವಿದೇಶದಲ್ಲಿರೋರು ಅಂತ ಮೇಲೆ ಬರೆದು, ಕೆಳಗೆ ನಿನ್ನ ಹೆಸರೊಂದೇ. ಒಂದಿಡೀ ಹಾಳೆ ನಿನಗೇ ಬಿಟ್ಟಿದಾರೆ."